ಅಲುಗಿದರೆ ಕಾಣುವ ನಂಟು

ಬಲವಾದ ಒಂದು ಅಯಸ್ಕಾಂತವನ್ನು ತಾಮ್ರದ ತಂತಿಯ ಸುರುಳಿಯೊಳಗೆ ಇಟ್ಟು ವರ್ಷಗಟ್ಟಲೆ ಕಾದರೂ ತಂತಿಯಲ್ಲಿ ಚೂರೂ ಕರೆಂಟ್ ಹರಿಯುವುದಿಲ್ಲ. ಪ್ಲಾಸ್ಟಿಕ್ ಬಾಚಣಿಗೆಯನ್ನು ಒಣ ಕೂದಲಿಗೆ ಉಜ್ಜಿ ದಿಕ್ಸೂಚಿಯ ಹತ್ತಿರ ಹಿಡಿದರೆ ಮುಳ್ಳು ಕೊಂಚ ಅಲುಗೀತು. ಆದರೆ ಅದು ಕಾಗದದ ಚೂರು ಅಲುಗಿದಂತೆಯೇ. ಮುಳ್ಳಿನ ಉತ್ತರದ ತುದಿ ಯಾವುದು, ದಕ್ಷಿಣದ ತುದಿ ಯಾವುದು ಎಂಬ ಭೇದ ಬಾಚಣಿಗೆಗಿಲ್ಲ. ಇವೆರಡನ್ನು ನೋಡಿದ ಯಾರಾದರೂ ವಿದ್ಯುತ್ತೇ ಬೇರೆ, ಕಾಂತತ್ವವೇ ಬೇರೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ಮೊದಲು ತೋರಿಸಿಕೊಟ್ಟ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಕೂಡ 1600ರಲ್ಲಿ ಇವೆರಡನ್ನು ಬೇರೆ ಬೇರೆ ಎಂದೇ ವಿಂಗಡಿಸಿದ. ಆ ವಿಂಗಡಣೆ ಇನ್ನೂರು ವರ್ಷ ಮೀರಿ ಬಾಳಿತು.

ಇಷ್ಟು ಕಾಲ ಬಾಳಿದ್ದಕ್ಕೆ ಕಾರಣವಿದೆ. ವಿದ್ಯುತ್ತು ಮತ್ತು ಕಾಂತತ್ವದ ನಡುವಿನ ನಂಟು ನಿಂತ ವಸ್ತುಗಳಲ್ಲಿ ತೋರಿಬರುವುದಿಲ್ಲ. ಏನೋ ಒಂದು ಚಲಿಸಬೇಕು, ಇಲ್ಲವೇ ಏನೋ ಒಂದು ಬದಲಾಗುತ್ತಿರಬೇಕು. ಈ ಅಧ್ಯಾಯದಲ್ಲಿ ಬರುವ ಆವಿಷ್ಕಾರಗಳೆಲ್ಲ ಈ ಒಂದು ಸಂಗತಿಗೆ ಬಂದು ಸೇರುತ್ತವೆ.

ಸುಳಿವುಗಳೇನೋ ಆಗಾಗ ಸಿಗುತ್ತಿದ್ದವು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಎಂಬ ಊರಿನ ವ್ಯಾಪಾರಿಯೊಬ್ಬನ ಮನೆಗೆ ಸಿಡಿಲು ಬಡಿದು, ಪೆಟ್ಟಿಗೆಯಲ್ಲಿದ್ದ ಉಕ್ಕಿನ ಚಾಕುಗಳು ಅಯಸ್ಕಾಂತಗಳಾಗಿಬಿಟ್ಟಿದ್ದವು. ಸಿಡಿಲು ಹೊಡೆದ ಹಡಗುಗಳಲ್ಲಿ ದಿಕ್ಸೂಚಿಗಳು ತಲೆಕೆಳಗಾದ ವರದಿಗಳೂ ಇದ್ದವು. ಆದರೆ ಸಿಡಿಲನ್ನು ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಲಾಗದು. ಆ ಕಾಲದ ವಿಜ್ಞಾನಿಗಳ ಕೈಯಲ್ಲಿದ್ದುದು ಉಜ್ಜಿ ಕೂಡಿಹಾಕಿದ ವಿದ್ಯುತ್ ಆವೇಶ ಮಾತ್ರ. ಅದು ಒಂದೋ ಸುಮ್ಮನೆ ಕೂತಿರುತ್ತಿತ್ತು, ಇಲ್ಲವೇ ಒಂದು ಕಿಡಿಯಾಗಿ ಕ್ಷಣದಲ್ಲಿ ಮುಗಿದುಹೋಗುತ್ತಿತ್ತು. 1785ರಲ್ಲಿ ಫ್ರಾನ್ಸಿನ ಕೂಲಂಬ್ ಆ ನಿಂತ ಆವೇಶಗಳ ನಡುವಿನ ಬಲವನ್ನು ಅಳೆದ. ಒಂದೇ ಜಾತಿಯ ಆವೇಶಗಳು ದೂಡಿಕೊಳ್ಳುತ್ತವೆ, ಬೇರೆ ಜಾತಿಯವು ಸೆಳೆದುಕೊಳ್ಳುತ್ತವೆ, ನಡುವಿನ ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕಿಳಿಯುತ್ತದೆ. ಅಯಸ್ಕಾಂತದ ಧ್ರುವಗಳ ನಡುವಿನ ಬಲಕ್ಕೂ ಅದೇ ನಿಯಮ ಎಂದು ಅವನೇ ಕಂಡುಕೊಂಡ. ಲೆಕ್ಕ ಒಂದೇ ಆದರೂ ಒಂದು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ.

1800ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಸತು ಮತ್ತು ಬೆಳ್ಳಿಯ ಬಿಲ್ಲೆಗಳನ್ನು, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟು, ಒಂದರ ಮೇಲೊಂದು ಪೇರಿಸಿದ. ಅದು ಜಗತ್ತಿನ ಮೊದಲ ಬ್ಯಾಟರಿ. ಆವೇಶ ಬಿಡದೆ ಹರಿಯುತ್ತಲೇ ಇರುವಂತೆ ಮಾಡುವ ಉಪಾಯ ಮನುಷ್ಯನ ಕೈಗೆ ಸಿಕ್ಕಿದ್ದು ಆಗಲೇ. ಮುಂದಿನದಕ್ಕೆಲ್ಲ ದಾರಿಯಾದದ್ದು ಈ ಪೇರಿಕೆ.

ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್‌ಸ್ಟೆಡ್ ಔಷಧದಂಗಡಿಯವನ ಮಗ, ಕೋಪನ್‌ಹೇಗನ್ನಿನಲ್ಲಿ ಪ್ರಾಧ್ಯಾಪಕ. ನಿಸರ್ಗದ ಶಕ್ತಿಗಳೆಲ್ಲ ಒಳಗೊಳಗೆ ಒಂದೇ ಎಂದು ನಂಬಿದ್ದವನು. 1820ರಲ್ಲಿ ಪಾಠದ ನಡುವೆ ಬ್ಯಾಟರಿಗೆ ತಂತಿ ಜೋಡಿಸಿದಾಗ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಸಣ್ಣಗೆ ಅಲುಗಿತು. ಕೆಲವು ತಿಂಗಳ ಬಳಿಕ ಇನ್ನೂ ದೊಡ್ಡ ಬ್ಯಾಟರಿ ಕಟ್ಟಿಕೊಂಡು, ತಂತಿಯನ್ನು ಮುಳ್ಳಿನ ಮೇಲೆ, ಕೆಳಗೆ, ಪಕ್ಕದಲ್ಲಿ ಹಿಡಿದು, ನಡುವೆ ಗಾಜು, ಮರ, ಲೋಹ ಇಟ್ಟು ಮತ್ತೆ ಮತ್ತೆ ನೋಡಿದ. ಜುಲೈ 21ರಂದು ಲ್ಯಾಟಿನ್ ಭಾಷೆಯಲ್ಲಿ ನಾಲ್ಕು ಪುಟದ ವರದಿ ಅಚ್ಚು ಹಾಕಿಸಿ ಯುರೋಪಿನ ವಿದ್ವಾಂಸರಿಗೆ ಕಳಿಸಿದ.

ಈ ಪ್ರಯೋಗವನ್ನು ನೀವೇ ಮಾಡಿ ನೋಡಬೇಕು, ಓದಿದರೆ ಸಾಲದು. ಒಂದು ಟಾರ್ಚ್ ಸೆಲ್, ಒಂದು ಮೊಳ ತಂತಿ, ಅಂಗಡಿಯಲ್ಲಿ ಸಿಗುವ ಸಣ್ಣ ದಿಕ್ಸೂಚಿ ಸಾಕು. ದಿಕ್ಸೂಚಿಯನ್ನು ಕಬ್ಬಿಣದ ಸಾಮಾನುಗಳಿಂದ ದೂರವಿಡಿ. ಮುಳ್ಳು ಉತ್ತರ ದಕ್ಷಿಣವಾಗಿ ನಿಂತ ಮೇಲೆ ಅದೇ ನೇರಕ್ಕೆ, ಅದರ ಮೇಲೆ ತಂತಿಯನ್ನು ಹಾಯಿಸಿ, ತುದಿಗಳನ್ನು ಎರಡೇ ಸೆಕೆಂಡು ಸೆಲ್ಲಿಗೆ ಮುಟ್ಟಿಸಿ. ಹೆಚ್ಚು ಹೊತ್ತು ಹಿಡಿದರೆ ತಂತಿ ಕಾಯುತ್ತದೆ. ಮನೆಯ ಪ್ಲಗ್ಗಿಗಂತೂ ಈ ತಂತಿ ಹೋಗಲೇಕೂಡದು. ಮುಟ್ಟಿಸಿದೊಡನೆ ಮುಳ್ಳು ತಂತಿಗೆ ಅಡ್ಡಲಾಗಿ ತಿರುಗುತ್ತದೆ. ಸೆಲ್ಲನ್ನು ತಿರುಗಿಸಿ ಮುಟ್ಟಿಸಿದರೆ ಎದುರು ದಿಕ್ಕಿಗೆ ತಿರುಗುತ್ತದೆ. ತಂತಿಯನ್ನು ಮುಳ್ಳಿನ ಕೆಳಗೆ ತೂರಿಸಿದರೆ ಮತ್ತೆ ಉಲ್ಟಾ. ಆದರೆ ತಂತಿಯನ್ನು ಮೊದಲೇ ಪೂರ್ವ ಪಶ್ಚಿಮವಾಗಿ ಮುಳ್ಳಿಗೆ ಅಡ್ಡ ಇಟ್ಟಿದ್ದರೆ ಏನೂ ಆಗದೆ ಹೋಗಬಹುದು. ಎಲ್ಲ ಸಲಕರಣೆ ಕೈಯಲ್ಲಿದ್ದೂ ಈ ಪರಿಣಾಮ ಯಾರ ಕಣ್ಣಿಗಾದರೂ ತಪ್ಪಿಹೋಗಬಹುದಿತ್ತು ಎಂಬುದು ಇಲ್ಲಿ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಅಳತೆಯ ಮಾತು ಸ್ವಲ್ಪ. ಒಂದು ಆಂಪಿಯರ್ ಪ್ರವಾಹ ಹರಿಯುವ ನೇರ ತಂತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ 20 ಮೈಕ್ರೋಟೆಸ್ಲಾ ಕಾಂತಕ್ಷೇತ್ರ ಇರುತ್ತದೆ. ನಮ್ಮ ಕರ್ನಾಟಕದಲ್ಲಿ ಮುಳ್ಳನ್ನು ಉತ್ತರಕ್ಕೆ ಹಿಡಿದು ನಿಲ್ಲಿಸುವ ಭೂಮಿಯ ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಅಂದರೆ ಒಂದು ಸೆಲ್ಲೂ ಒಂದು ಮೊಳ ತಂತಿಯೂ ಸೇರಿ ಭೂಮಿಗೆ ಪೈಪೋಟಿ ಕೊಡುತ್ತವೆ. ಡೆನ್ಮಾರ್ಕಿನಂಥ ಉತ್ತರದ ದೇಶಗಳಲ್ಲಿ ಭೂಮಿಯ ಕ್ಷೇತ್ರ ಹೆಚ್ಚಾಗಿ ನೆಲದೊಳಕ್ಕೆ ಬಾಗಿರುವುದರಿಂದ ಮುಳ್ಳನ್ನು ಹಿಡಿದಿಡುವ ಅಡ್ಡಬಲ ನಮ್ಮಲ್ಲಿಗಿಂತ ಕಡಿಮೆ. ಅಷ್ಟೇ ಪ್ರವಾಹಕ್ಕೆ ಅಲ್ಲಿ ಮುಳ್ಳು ಇಲ್ಲಿಗಿಂತ ಹೆಚ್ಚು ತಿರುಗುತ್ತದೆ.

ಅರ್‌ಸ್ಟೆಡ್‌ನ ಕಾಲದವರನ್ನು ಬೆಚ್ಚಿಬೀಳಿಸಿದ್ದು ಮುಳ್ಳು ತಿರುಗಿದ ದಿಕ್ಕು. ಅಲ್ಲಿಯವರೆಗೆ ತಿಳಿದಿದ್ದ ಬಲಗಳೆಲ್ಲ ಎಳೆಯುತ್ತಿದ್ದವು ಅಥವಾ ದೂಡುತ್ತಿದ್ದವು. ಇದು ಎರಡನ್ನೂ ಮಾಡದೆ ಮುಳ್ಳನ್ನು ಅಡ್ಡಕ್ಕೆ ತಿರುಗಿಸುತ್ತಿತ್ತು. ತಂತಿಯ ಸುತ್ತ ಕಾಂತಕ್ಷೇತ್ರ ಬಳೆಬಳೆಯಾಗಿ ಸುತ್ತುವರಿದಿರುತ್ತದೆ, ಮುಳ್ಳು ಆ ಬಳೆಯ ಗುಂಟ ನಿಲ್ಲುತ್ತದೆ ಎಂದುಕೊಂಡರೆ ಎಲ್ಲ ದಿಕ್ಕುಗಳೂ ಸರಿಹೊಂದುತ್ತವೆ. ಸುದ್ದಿ ಪ್ಯಾರಿಸ್ ತಲುಪಿದ ಕೆಲವೇ ವಾರಗಳಲ್ಲಿ, ಅದೇ 1820ರ ಸೆಪ್ಟೆಂಬರಿನಲ್ಲಿ, ಅಲ್ಲಿನ ವಿಜ್ಞಾನಿ ಆಂಪಿಯರ್ ಅಯಸ್ಕಾಂತವನ್ನೇ ಪಕ್ಕಕ್ಕಿಟ್ಟ. ಎರಡು ತಂತಿಗಳಲ್ಲಿ ಒಂದೇ ದಿಕ್ಕಿಗೆ ಪ್ರವಾಹ ಹರಿದರೆ ಅವು ಸೆಳೆದುಕೊಳ್ಳುತ್ತವೆ, ಎದುರುಬದುರು ಹರಿದರೆ ದೂಡಿಕೊಳ್ಳುತ್ತವೆ ಎಂದು ತೋರಿಸಿದ. ತಂತಿಯನ್ನು ಸುರುಳಿ ಸುತ್ತಿದರೆ ಬಳೆಗಳೆಲ್ಲ ಒಳಗೆ ಒಂದೇ ದಿಕ್ಕಿಗೆ ಕೂಡಿಕೊಂಡು, ಸುರುಳಿ ಒಂದು ಅಯಸ್ಕಾಂತದಂತೆ ವರ್ತಿಸುತ್ತದೆ. ಫ್ಯಾನು, ಮಿಕ್ಸಿ, ಕೊಳವೆಬಾವಿಯ ಪಂಪ್‌ಸೆಟ್ಟಿನ ಒಳಗಿರುವುದು ಇದೇ: ತಾಮ್ರದ ಸುರುಳಿಗಳು, ಅವು ಹುಟ್ಟಿಸುವ ಸೆಳೆತ ಮತ್ತು ದೂಡಾಟ. ಮೋಟರ್ ಸುಟ್ಟಾಗ ರಿವೈಂಡಿಂಗ್ ಅಂಗಡಿಯವರು ಬಿಚ್ಚಿ ಮತ್ತೆ ಸುತ್ತಿಕೊಡುವುದು ಈ ಸುರುಳಿಗಳನ್ನೇ.

ಹಾಗಾದರೆ ಶಾಶ್ವತ ಅಯಸ್ಕಾಂತದಲ್ಲಿ ಹರಿಯುತ್ತಿರುವುದೇನು? ಅದಕ್ಕೆ ಯಾವ ಬ್ಯಾಟರಿಯೂ ಇಲ್ಲ. ಅದರೊಳಗಿನ ಕಣಕಣದಲ್ಲೂ ನಿಲ್ಲದೆ ಸುತ್ತುವ ಸಣ್ಣ ಪ್ರವಾಹಗಳಿವೆ ಎಂದು ಆಂಪಿಯರ್ ಊಹಿಸಿದ. ಎಲೆಕ್ಟ್ರಾನ್ ಪತ್ತೆಯಾಗುವುದಕ್ಕೆ ಏಳು ದಶಕ ಮೊದಲೇ ಮಾಡಿದ ಈ ಊಹೆ ಬಹುಮಟ್ಟಿಗೆ ಗುರಿ ಮುಟ್ಟಿತ್ತು. ಪ್ರತಿ ಎಲೆಕ್ಟ್ರಾನೂ ತಾನೇ ಒಂದು ಪುಟ್ಟ ಅಯಸ್ಕಾಂತ. ಈ ಗುಣಕ್ಕೆ ಸ್ಪಿನ್ ಎಂಬ ಹೆಸರಿದೆ, ಎಲೆಕ್ಟ್ರಾನನ್ನು ಗಿರಗಿರ ಸುತ್ತುವ ಚೆಂಡು ಎಂದು ಭಾವಿಸುವಂತಿಲ್ಲವಾದರೂ. ಹೆಚ್ಚಿನ ವಸ್ತುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಒಂದು ಇನ್ನೊಂದರ ಪ್ರಭಾವವನ್ನು ಅಳಿಸಿಹಾಕುತ್ತವೆ. ಕಬ್ಬಿಣದಲ್ಲಿ ಕೆಲವು ಒಂಟಿಯಾಗಿ ಉಳಿದು, ನೆರೆಯ ಪರಮಾಣುಗಳವೂ ಸೇರಿ ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಸಾಲು ಚದುರಿ ಕಾಂತಗುಣ ಹೊರಟುಹೋಗುತ್ತದೆ. ಅಯಸ್ಕಾಂತವನ್ನು ಎಷ್ಟು ತುಂಡು ಮಾಡಿದರೂ ಪ್ರತಿ ತುಂಡಿನಲ್ಲೂ ಎರಡೂ ಧ್ರುವಗಳಿರುವುದು ಪ್ರತಿ ಎಲೆಕ್ಟ್ರಾನೂ ಒಂದು ಅಯಸ್ಕಾಂತವಾಗಿರುವುದರಿಂದಲೇ. ಬರೀ ಉತ್ತರ ಧ್ರುವ ಮಾತ್ರ ಇರುವ ಕಣವನ್ನು ವಿಜ್ಞಾನಿಗಳು ಇಂದಿಗೂ ಹುಡುಕುತ್ತಿದ್ದಾರೆ, ಸಿಕ್ಕಿಲ್ಲ.

ವಿದ್ಯುತ್ತಿನಿಂದ ಕಾಂತತ್ವ ಬಂದ ಮೇಲೆ, ಕಾಂತತ್ವದಿಂದ ವಿದ್ಯುತ್ ಬರಬೇಕಲ್ಲ ಎಂದು ಎಲ್ಲರೂ ಹೊರಟರು. ಬಲವಾದ ಅಯಸ್ಕಾಂತಗಳ ಪಕ್ಕದಲ್ಲಿ ತಂತಿ ಇಟ್ಟು ಕಾದರು. ಹತ್ತು ವರ್ಷ ಯಾರ ಕೈಗೂ ಏನೂ ದಕ್ಕಲಿಲ್ಲ. ಈ ಹತ್ತು ವರ್ಷಗಳಲ್ಲಿ ನನ್ನನ್ನು ಬಹಳ ಕಾಡುವುದು ಜಿನೀವಾದ ಕೊಲಾಡನ್ ಎಂಬ ತರುಣನ ಪ್ರಸಂಗ. 1825ರಲ್ಲಿ ಅವನು ಸುರುಳಿಯೊಳಗೆ ಅಯಸ್ಕಾಂತ ತೂರಿಸಿ ನೋಡಿದ. ಅಯಸ್ಕಾಂತ ನೇರವಾಗಿ ಮುಳ್ಳನ್ನು ಎಳೆದು ದಾರಿ ತಪ್ಪಿಸಬಾರದೆಂದು, ಪ್ರವಾಹವನ್ನು ತೋರಿಸುವ ಗ್ಯಾಲ್ವನೋಮೀಟರನ್ನು ಉದ್ದದ ತಂತಿಯಿಂದ ಪಕ್ಕದ ಕೋಣೆಯಲ್ಲಿಟ್ಟಿದ್ದ. ಒಳ್ಳೆಯ ಪ್ರಯೋಗಕಾರನ ಎಚ್ಚರಿಕೆ ಅದು. ಅಯಸ್ಕಾಂತ ತೂರಿಸಿ, ಆ ಕೋಣೆಗೆ ನಡೆದುಹೋಗಿ ನೋಡುವಷ್ಟರಲ್ಲಿ ಮುಳ್ಳು ಅಲುಗಿ ಮತ್ತೆ ಸೊನ್ನೆಗೆ ಬಂದು ನಿಂತಿರುತ್ತಿತ್ತು. ಅಲ್ಲಿ ಇನ್ನೊಬ್ಬರು ಕೂತು ನೋಡುತ್ತಿದ್ದರೆ ಈ ಆವಿಷ್ಕಾರಕ್ಕೆ ಇಂದು ಕೊಲಾಡನ್ನನ ಹೆಸರಿರುತ್ತಿತ್ತು. ಪ್ರವಾಹ ಒಮ್ಮೆ ಹುಟ್ಟಿದರೆ ನಿಂತೇ ಇರುತ್ತದೆ ಎಂಬ ನಿರೀಕ್ಷೆ ಅವನೊಬ್ಬನದೇ ಆಗಿರಲಿಲ್ಲ, ಆ ಕಾಲದ್ದೇ ಆಗಿತ್ತು.

ಲಂಡನ್ನಿನ ಮೈಕೆಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತ ಹುಡುಗ. ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತ ವಿಜ್ಞಾನಕ್ಕೆ ಬಂದವನು. 1831ರ ಆಗಸ್ಟ್ 29ರಂದು ಅವನು ಆರು ಅಂಗುಲ ಅಗಲದ ಮೆದು ಕಬ್ಬಿಣದ ಬಳೆಯೊಂದರ ಒಂದು ಪಕ್ಕಕ್ಕೆ ಒಂದು ಸುರುಳಿ, ಇನ್ನೊಂದು ಪಕ್ಕಕ್ಕೆ ಮತ್ತೊಂದು ಸುರುಳಿ ಸುತ್ತಿದ. ತಂತಿಗಳು ತಾಕದಂತೆ ನಡುವೆ ದಾರ ಮತ್ತು ಬಟ್ಟೆ. ಎರಡು ಸುರುಳಿಗಳ ನಡುವೆ ವಿದ್ಯುತ್ತಿನ ಸಂಪರ್ಕವೇ ಇಲ್ಲ. ಒಂದಕ್ಕೆ ಬ್ಯಾಟರಿ ಜೋಡಿಸಿದ ಕ್ಷಣ ಇನ್ನೊಂದರ ಹತ್ತಿರದ ಮುಳ್ಳು ಅಲುಗಿ ನಿಂತಿತು. ಬ್ಯಾಟರಿ ಜೋಡಿಸಿಯೇ ಇದ್ದರೂ ಮುಳ್ಳು ಸುಮ್ಮನಿತ್ತು. ಬಿಚ್ಚಿದ ಕ್ಷಣ ಮತ್ತೆ ಅಲುಗಿತು, ಈ ಸಲ ಎದುರು ದಿಕ್ಕಿಗೆ. ಅಕ್ಟೋಬರ್ 17ರಂದು ಬ್ಯಾಟರಿಯನ್ನೂ ಬಿಟ್ಟು, ಟೊಳ್ಳು ಸುರುಳಿಯೊಳಗೆ ಅಯಸ್ಕಾಂತದ ಕೋಲನ್ನು ಸರಕ್ಕನೆ ತೂರಿಸಿ ಎಳೆದ. ತೂರಿಸುವಾಗ ಒಂದು ಕಡೆಗೆ, ಎಳೆಯುವಾಗ ಇನ್ನೊಂದು ಕಡೆಗೆ ಮುಳ್ಳು ತಿರುಗಿತು. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿರುವಷ್ಟು ಹೊತ್ತು ಮಾತ್ರ ವಿದ್ಯುತ್. ಎಷ್ಟು ಬೇಗ ಬದಲಾದರೆ ಅಷ್ಟು ಹೆಚ್ಚು ವೋಲ್ಟೇಜ್.

ಈ ವಿದ್ಯುತ್ ಪುಕ್ಕಟೆಯಾಗಿ ಬರುವುದಿಲ್ಲ. ಸೈಕಲ್ಲಿಗೆ ಡೈನಮೋ ಇದ್ದ ಕಾಲದಲ್ಲಿ ರಾತ್ರಿ ಪೆಡಲ್ ತುಳಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆ ಡೈನಮೋದ ತಲೆ ಟೈರಿಗೆ ಒತ್ತಿಕೊಂಡು ತಿರುಗುತ್ತಿತ್ತು. ಒಳಗೆ ತಿರುಗುತ್ತಿದ್ದುದು ಅಯಸ್ಕಾಂತ, ಸುತ್ತ ಅಲುಗದೆ ಕೂತಿದ್ದುದು ಸುರುಳಿ. ಬಲ್ಬಿನ ತಂತಿ ಕಳಚಿಕೊಂಡಿದ್ದರೆ ತಲೆ ಹಗುರವಾಗಿ ತಿರುಗುತ್ತಿತ್ತು. ತಂತಿ ಸಿಕ್ಕಿಸಿ ದೀಪ ಹೊತ್ತಿಕೊಂಡರೆ ಕಾಲಿಗೆ ಭಾರ ತಿಳಿಯುತ್ತಿತ್ತು. ಸುರುಳಿಯಲ್ಲಿ ಹುಟ್ಟಿದ ಪ್ರವಾಹ ತನ್ನದೇ ಒಂದು ಕಾಂತಕ್ಷೇತ್ರವನ್ನು ಕಟ್ಟಿಕೊಂಡು, ತನ್ನನ್ನು ಹುಟ್ಟಿಸಿದ ಅಯಸ್ಕಾಂತದ ತಿರುಗಾಟಕ್ಕೇ ಅಡ್ಡ ನಿಲ್ಲುತ್ತದೆ. 1834ರಲ್ಲಿ ರಷ್ಯಾದ ಲೆಂಜ್ ಇದನ್ನು ನಿಯಮವಾಗಿ ಹೇಳಿದ. ಆ ಅಡ್ಡಿಯನ್ನು ಮೀರಿ ತುಳಿದ ಕಾಲಿನ ಶ್ರಮವೇ ದೀಪದ ಬೆಳಕಾಗುತ್ತಿತ್ತು.

ಹಳೆಯ ವಿದ್ಯುತ್ ಮೀಟರುಗಳ ಗಾಜಿನ ಹಿಂದೆ, ಅಂಚಿನಲ್ಲಿ ಕೆಂಪು ಗುರುತಿದ್ದ ಅಲ್ಯೂಮಿನಿಯಂ ತಟ್ಟೆಯೊಂದು ಮಲಗಿ ತಿರುಗುತ್ತಿತ್ತಲ್ಲ, ಅದರಲ್ಲಿ ಈ ನಂಟಿನ ಎಲ್ಲ ಮುಖಗಳೂ ಒಟ್ಟಿಗೆ ಇದ್ದವು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ತಟ್ಟೆಗೆ ಯಾವ ತಂತಿಯನ್ನೂ ಮುಟ್ಟಿಸಿರಲಿಲ್ಲ. ಆದರೂ ಮಿಕ್ಸಿ ಹಾಕಿದೊಡನೆ ಅದು ಓಟ ಕೀಳುತ್ತಿತ್ತು. ತಟ್ಟೆಯ ಒಂದು ಕಡೆ ಎರಡು ಸುರುಳಿಗಳು: ಸಣ್ಣ ತಂತಿಯ ಸಾವಿರಾರು ಸುತ್ತಿನದು ಮನೆಯ ವೋಲ್ಟೇಜಿಗೆ, ದಪ್ಪ ತಂತಿಯ ಕೆಲವೇ ಸುತ್ತಿನದು ಮನೆಗೆ ಹರಿಯುವ ಪ್ರವಾಹಕ್ಕೆ. ಸೆಕೆಂಡಿಗೆ 50 ಆವರ್ತಗಳಲ್ಲಿ ಬದಲಾಗುವ ಅವುಗಳ ಕಾಂತಕ್ಷೇತ್ರ ತಟ್ಟೆಯೊಳಗೆ ಸುಳಿಸುಳಿಯಾದ ಪ್ರವಾಹಗಳನ್ನು ಎಬ್ಬಿಸುತ್ತಿತ್ತು. ಎರಡು ಸುರುಳಿಗಳ ಏರಿಳಿತ ಒಂದೇ ಹೊತ್ತಿಗೆ ಆಗದಂತೆ ಹೊಂದಿಸಿದ್ದರಿಂದ ಆ ಸುಳಿಗಳು ಒಂದು ದಿಕ್ಕಿಗೆ ದೂಡಲ್ಪಟ್ಟು ತಟ್ಟೆ ತಿರುಗುತ್ತಿತ್ತು. ಇನ್ನೊಂದು ಕಡೆ ತಟ್ಟೆಯ ಅಂಚು ಒಂದು ಶಾಶ್ವತ ಅಯಸ್ಕಾಂತದ ಬಾಯಿಯೊಳಗೆ ಹಾದುಹೋಗುತ್ತಿತ್ತು. ಅಲ್ಲೂ ಸುಳಿಪ್ರವಾಹ, ಆದರೆ ಇಲ್ಲಿ ಅದು ಹುಟ್ಟುವುದು ತಟ್ಟೆ ತಿರುಗುತ್ತಿರುವುದರಿಂದ, ಆದ್ದರಿಂದ ಲೆಂಜ್ ಹೇಳಿದಂತೆ ತಿರುಗಾಟವನ್ನು ತಡೆಯುವ ಬ್ರೇಕು. ತಳ್ಳುವುದೂ ಅದೇ ನಿಯಮ, ತಡೆಯುವುದೂ ಅದೇ. ಎರಡರ ತೂಗಾಟದಲ್ಲಿ ತಟ್ಟೆಯ ವೇಗ ನೀವು ಬಳಸುವ ವಿದ್ಯುತ್ತಿಗೆ ಸರಿಯಾಗಿ ನಿಲ್ಲುತ್ತಿತ್ತು. ಈಗಿನ ಡಿಜಿಟಲ್ ಮೀಟರುಗಳಲ್ಲಿ ಮಿನುಗುವ ಕೆಂಪು ದೀಪ ಅಷ್ಟನ್ನು ಕಣ್ಣಿಗೆ ತೋರಿಸುವುದಿಲ್ಲ. ಮನೆಯಲ್ಲಿ ಹಳೆಯ ಮೀಟರಿನ ನೆನಪಿರುವವರು ಮಕ್ಕಳಿಗೆ ಇದನ್ನು ವಿವರಿಸಿ ಹೇಳಲಿ ಎಂಬುದು ನನ್ನ ಆಸೆ.

ಫ್ಯಾರಡೆಯ ಕಬ್ಬಿಣದ ಬಳೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದೆ. ಅದರ ಸಂತತಿ ನಮ್ಮ ಹಳ್ಳಿಗಳ ಕಂಬಗಳ ಮೇಲಿದೆ. ಊರವರು ಟಿ.ಸಿ. ಎನ್ನುವ ಟ್ರಾನ್ಸ್‌ಫಾರ್ಮರ್ ಅಂದರೆ ಅದೇ ಬಳೆ, ಅದೇ ಎರಡು ಸುರುಳಿಗಳು. ಬ್ಯಾಟರಿಯನ್ನು ಜೋಡಿಸಿ ಬಿಚ್ಚುವ ಬದಲು ತಾನಾಗಿಯೇ ದಿಕ್ಕು ಬದಲಿಸುತ್ತಿರುವ ಪ್ರವಾಹ. ಸುತ್ತುಗಳ ಸಂಖ್ಯೆ ಹೆಚ್ಚು ಕಡಿಮೆ ಮಾಡಿದರೆ ವೋಲ್ಟೇಜ್ ಏರುತ್ತದೆ, ಇಳಿಯುತ್ತದೆ. ಟಿ.ಸಿ.ಯ ಕೆಳಗೆ ನಿಂತರೆ ಕೇಳುವ ಗುಂಯ್ ಎಂಬ ಸದ್ದು ಕೂಡ ಈ ಏರಿಳಿತದ್ದೇ: ಕಾಂತಕ್ಷೇತ್ರ ಏರಿದಾಗಲೆಲ್ಲ ಒಳಗಿನ ಉಕ್ಕು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ, ಸೆಕೆಂಡಿಗೆ 100 ಸಲ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿ ಸಾಗಿಸಲು ಹತ್ತನೇ ಒಂದು ಪಾಲು ಪ್ರವಾಹ ಸಾಕು. ಆಗ ತಂತಿ ಬಿಸಿಯಾಗಿ ಪೋಲಾಗುವುದು ನೂರನೇ ಒಂದು ಪಾಲಿಗೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ತಿರುಗಿಸಿದ ಜನರೇಟರುಗಳ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಗಿ ಮುಟ್ಟಿದ್ದು ಈ ಲೆಕ್ಕದ ಬಲದಿಂದ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಅದರ ನಂತರ, 1905ರಲ್ಲಿ.

ಫ್ಯಾರಡೆಯ ಸುರುಳಿಯಿಂದ ತಂತಿಯನ್ನೇ ತೆಗೆದುಹಾಕಿದರೆ? ಬದಲಾಗುವ ಕಾಂತಕ್ಷೇತ್ರ ಬರಿಯ ಜಾಗದಲ್ಲೂ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ; ತಂತಿ ಅದನ್ನು ತೋರಿಸಿಕೊಡುತ್ತದೆ ಅಷ್ಟೇ. ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇದಕ್ಕೆ ಮತ್ತೊಂದು ಅರ್ಧವನ್ನು ಸೇರಿಸಿದ: ಬದಲಾಗುವ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಹಾಗಾದರೆ ಒಂದು ಇನ್ನೊಂದನ್ನು ಹುಟ್ಟಿಸುತ್ತ ಎರಡೂ ಅಲೆಯಾಗಿ ಮುಂದೆ ಸಾಗಬೇಕು. ಎಷ್ಟು ವೇಗದಲ್ಲಿ? ಅದನ್ನು ಲೆಕ್ಕ ಹಾಕಲು ಬೇಕಾದ ಅಂಕಿಯನ್ನು ಜರ್ಮನಿಯ ವೇಬರ್ ಮತ್ತು ಕೋಲ್‌ರಾಶ್ 1856ರಲ್ಲಿ ಆವೇಶವನ್ನೂ ಪ್ರವಾಹವನ್ನೂ ಅಳೆದು ಪಡೆದಿದ್ದರು. ಅವರ ಪ್ರಯೋಗದಲ್ಲಿ ಬೆಳಕಿನ ಪಾತ್ರವೇ ಇರಲಿಲ್ಲ. ಮ್ಯಾಕ್ಸ್‌ವೆಲ್‌ಗೆ ಸಿಕ್ಕ ಉತ್ತರ ಸೆಕೆಂಡಿಗೆ ಸುಮಾರು 3,11,000 ಕಿಲೋಮೀಟರ್. ಫ್ರಾನ್ಸಿನ ಫಿಜೋ 1849ರಲ್ಲಿ ಹಲ್ಲುಚಕ್ರ ಮತ್ತು ಕನ್ನಡಿ ಇಟ್ಟು ಅಳೆದಿದ್ದ ಬೆಳಕಿನ ವೇಗ ಸುಮಾರು 3,15,000. ಬೆಳಕೇ ವಿದ್ಯುತ್ತು ಕಾಂತತ್ವಗಳ ಅಲೆ ಎಂದು ಮ್ಯಾಕ್ಸ್‌ವೆಲ್ 1860ರ ದಶಕದ ಮೊದಲರ್ಧದಲ್ಲೇ ಬರೆದ. ಜರ್ಮನಿಯ ಹೈನ್ರಿಕ್ ಹರ್ಟ್ಸ್ 1887 ಮತ್ತು 1888ರಲ್ಲಿ ಕಾರ್ಲ್‌ಸ್ರೂಹೆಯಲ್ಲಿ ಕಿಡಿ ಹಾರಿಸಿ, ಕೋಣೆಯ ಇನ್ನೊಂದು ಕಡೆ ತಂತಿಯಿಲ್ಲದೆ ಕಿಡಿ ಹುಟ್ಟಿಸಿ, ಆ ಅಲೆಗಳನ್ನು ಕೈಗೆ ಸಿಗುವಂತೆ ಮಾಡಿದ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಅಯಸ್ಕಾಂತವನ್ನು ಸುರುಳಿಯ ಕಡೆಗೆ ಸರಿಸಿದರೂ ಸುರುಳಿಯನ್ನು ಅಯಸ್ಕಾಂತದ ಕಡೆಗೆ ಸರಿಸಿದರೂ ಹುಟ್ಟುವ ಪ್ರವಾಹ ಒಂದೇ. ಆದರೆ ಪುಸ್ತಕಗಳು ಇವೆರಡಕ್ಕೆ ಬೇರೆ ಬೇರೆ ವಿವರಣೆ ಕೊಡುತ್ತಿದ್ದವು: ಮೊದಲನೆಯದಕ್ಕೆ ವಿದ್ಯುತ್ ಕ್ಷೇತ್ರ ಕಾರಣ, ಎರಡನೆಯದಕ್ಕೆ ಕಾಂತಬಲ ಕಾರಣ. ಯಾರು ನಿಂತಿದ್ದಾರೆ, ಯಾರು ಚಲಿಸುತ್ತಿದ್ದಾರೆ ಎಂಬುದರ ಮೇಲೆ ಕಾರಣವೇ ಬದಲಾಗುವುದು ಐನ್‌ಸ್ಟೈನ್‌ಗೆ ಒಪ್ಪಿಗೆಯಾಗಲಿಲ್ಲ. 1905ರ ಅವನ ಸಾಪೇಕ್ಷತಾ ಪ್ರಬಂಧ ಆರಂಭವಾಗುವುದೇ ಈ ಅಯಸ್ಕಾಂತ ಮತ್ತು ಸುರುಳಿಯ ಮಾತಿನಿಂದ. ಅವನ ಉತ್ತರದ ಪ್ರಕಾರ ಇರುವುದು ಒಂದೇ ಕ್ಷೇತ್ರ. ಅದರಲ್ಲಿ ಎಷ್ಟು ಪಾಲು ವಿದ್ಯುತ್ತಾಗಿ, ಎಷ್ಟು ಪಾಲು ಕಾಂತವಾಗಿ ತೋರುತ್ತದೆ ಎಂಬುದು ನೋಡುವವನ ಚಲನೆಗೆ ತಕ್ಕಂತೆ ಬದಲಾಗುತ್ತದೆ.

ಇದನ್ನು ಆಂಪಿಯರನ ಎರಡು ತಂತಿಗಳಿಗೆ ಅನ್ವಯಿಸಿ ನೋಡಬಹುದು. ಅದಕ್ಕೆ ಮೊದಲು ತಂತಿಯೊಳಗಿನ ವೇಗ ತಿಳಿದಿರಬೇಕು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಮುಂದೆ ಸರಿಯುವುದು ಸೆಕೆಂಡಿಗೆ ಸರಾಸರಿ 0.07 ಮಿಲಿಮೀಟರ್, ಗಂಟೆಗೆ ಒಂದು ಗೇಣಿಗಿಂತ ತುಸು ಹೆಚ್ಚು. ಸ್ವಿಚ್ ಒತ್ತಿದೊಡನೆ ದೀಪ ಹತ್ತುವುದು, ನೀರು ತುಂಬಿದ ಪೈಪಿನಲ್ಲಿ ಈ ತುದಿಯ ನಲ್ಲಿ ತಿರುಗಿಸಿದಾಗ ಆ ತುದಿಯಲ್ಲಿ ಒಡನೆಯೇ ನೀರು ಬರುವಂತೆ, ಎಲೆಕ್ಟ್ರಾನುಗಳು ತಂತಿಯ ಉದ್ದಕ್ಕೂ ಮೊದಲೇ ಇರುವುದರಿಂದ. ನಮಗೆ ತಂತಿಯಲ್ಲಿ ಧನ ಮತ್ತು ಋಣ ಆವೇಶಗಳು ಸರಿಸಮ. ಆದರೆ ಪಕ್ಕದ ತಂತಿಯಲ್ಲಿ ಅದೇ ದಿಕ್ಕಿಗೆ ಸರಿಯುತ್ತಿರುವ ಎಲೆಕ್ಟ್ರಾನಿನ ಜಾಗದಿಂದ ನೋಡಿದರೆ, ಈ ತಂತಿಯ ಎಲೆಕ್ಟ್ರಾನುಗಳು ನಿಂತಿವೆ, ತಾಮ್ರದ ಧನ ಅಯಾನುಗಳು ಹಿಂದಕ್ಕೆ ಚಲಿಸುತ್ತಿವೆ. ಚಲಿಸುವ ವಸ್ತುಗಳ ನಡುವಿನ ಅಂತರ ಕುಗ್ಗುತ್ತದೆ ಎಂಬುದು ಸಾಪೇಕ್ಷತೆಯ ನಿಯಮ. ಆದ್ದರಿಂದ ಆ ಎಲೆಕ್ಟ್ರಾನಿಗೆ ಧನ ಆವೇಶ ತುಸು ಒತ್ತಾಗಿ ಕಂಡು, ಇಡೀ ತಂತಿ ಧನವಾಗಿ ತೋರಿ, ಅದು ಆ ಕಡೆಗೆ ಸೆಳೆಯಲ್ಪಡುತ್ತದೆ. ನಾವು ಕಾಂತಬಲ ಎನ್ನುವುದು ಅದರ ಪಾಲಿಗೆ ಕೂಲಂಬನ ಹಳೆಯ ವಿದ್ಯುದ್ಬಲ.

ಗಂಟೆಗೆ ಗೇಣು ಸರಿಯುವ ವೇಗಕ್ಕೆ ಆಗುವ ಕುಗ್ಗುವಿಕೆ ಒಂದನ್ನು, ಒಂದರ ಮುಂದೆ 25 ಸೊನ್ನೆ ಇಟ್ಟ ಸಂಖ್ಯೆಯಿಂದ ಭಾಗಿಸಿದರೆ ಬರುವ ಪಾಲಿಗಿಂತಲೂ ಕಡಿಮೆ. ಅಷ್ಟು ಕ್ಷುಲ್ಲಕವಾದದ್ದು ಲೆಕ್ಕಕ್ಕೆ ಬರುವುದು ಆವೇಶದ ಮೊತ್ತದಿಂದ. ಒಂದು ಮೀಟರ್ ಉದ್ದದ ಅದೇ ತಂತಿಯೊಳಗಿನ ಚಲಿಸುವ ಎಲೆಕ್ಟ್ರಾನುಗಳ ಒಟ್ಟು ಆವೇಶ ಸುಮಾರು 13,600 ಕೂಲಂಬ್. ಒಂದು ಸಿಡಿಲಿನಲ್ಲಿ ನೆಲಕ್ಕಿಳಿಯುವುದು ಸಾಮಾನ್ಯವಾಗಿ ಕೆಲವೇ ಹತ್ತು ಕೂಲಂಬ್. ಅಷ್ಟು ದೊಡ್ಡ ಋಣವನ್ನು ಅಷ್ಟೇ ದೊಡ್ಡ ಧನ ಸರಿದೂಗಿಸುತ್ತಿರುವಾಗ, ಆ ಸಮತೂಕದಲ್ಲಿ ಬರುವ ಇಷ್ಟು ಸಣ್ಣ ಏರುಪೇರು ತಂತಿಗಳನ್ನು ಎಳೆಯಲು ಸಾಕಾಗುತ್ತದೆ. ಸಾವಿರ ಅಡಿ ಆಳದ ಕೊಳವೆಬಾವಿಯಿಂದ ಪಂಪು ನೀರೆತ್ತುವಾಗ ಅದರ ಸುರುಳಿಗಳಲ್ಲಿ ಕೆಲಸ ಮಾಡುತ್ತಿರುವುದು ಇದೇ ಏರುಪೇರು.